ಹೊಸ ರನ್ನಿಂಗ್ ಬ್ಯಾಕ್‌ನ ಮೊದಲ ಸೀಸನ್ ನೋಡೋದು ಹೇಗೆ? ಕೈಯಲ್ಲೊಂದು ನೋಟ್‌ಬುಕ್ ಇರಲಿ

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಹಾಕುತ್ತೇನೆ. ಸಂಜೆ ಹಣ್ಣು ತೂಗಿ ಬರೆದುಕೊಳ್ಳುತ್ತೇನೆ. ವಾರಕ್ಕೊಮ್ಮೆ ಬಟವಾಡೆಯ ಲೆಕ್ಕ ಕೊಡುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅಮೆರಿಕನ್ ಫುಟ್‌ಬಾಲ್‌ಗೂ ನನಗೂ ಏನು ಸಂಬಂಧ ಅಂತ ತೋಟದಲ್ಲಿ ಎಲ್ಲರೂ ಕೇಳುತ್ತಾರೆ. ನನಗಂತೂ ಅದು ತೂಕದ ಪುಸ್ತಕದ ಪಕ್ಕದಲ್ಲೇ ಇಟ್ಟುಕೊಳ್ಳುವ ಇನ್ನೊಂದು ಪುಸ್ತಕ.

2018ರ ಆಗಸ್ಟ್ ಮಳೆ ಕೊಡಗಿನವರು ಯಾರೂ ಮರೆಯುವಂಥದ್ದಲ್ಲ. ಮಕ್ಕಂದೂರು ಕಡೆ ಗುಡ್ಡಗಳೇ ಜಾರಿ ಬಂದವು. ನಮ್ಮ ತೋಟದ ಕೆಳಗಿನ ಬ್ಲಾಕ್‌ನಲ್ಲೂ ಒಂದು ಮೂಲೆ ಹೋಯಿತು. ನನ್ನ ತಂಗಿ ಮಗ ಆಗಷ್ಟೇ ನ್ಯೂಜೆರ್ಸಿಗೆ ಕೆಲಸಕ್ಕೆ ಹೋಗಿದ್ದ. ದಿನಾ ಫೋನ್ ಮಾಡುತ್ತಿದ್ದ. ಮೊದಮೊದಲು ಬರೀ ಮಳೆಯ ಮಾತು, ರಸ್ತೆಯ ಮಾತು. ಹೇಳೋಕೆ ಒಳ್ಳೆ ಸುದ್ದಿ ಒಂದೂ ಇರುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಅವನು, "ಮಾವ, ಇಲ್ಲಿ ಒಬ್ಬ ಹೊಸ ಹುಡುಗ ಬಂದಿದ್ದಾನೆ, ಅವನ ಓಟ ನೀವು ನೋಡಲೇಬೇಕು" ಅಂದ. ಆ ಹುಡುಗ ಸಾಕ್ವಾನ್ ಬಾರ್ಕ್ಲಿ. ಪೆನ್ ಸ್ಟೇಟ್ ಕಾಲೇಜಿನಲ್ಲಿ ಆಡಿ ಬಂದವನು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆ ವರ್ಷದ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಅವನನ್ನು ನ್ಯೂಯಾರ್ಕ್ ಜೈಂಟ್ಸ್ ಆರಿಸಿಕೊಂಡಿತ್ತು. ಹಾಗೆ ಶುರುವಾಯಿತು. ಅಲ್ಲಿಂದ ಪ್ರತಿ ವರ್ಷ ಒಬ್ಬ ಹೊಸ ರನ್ನಿಂಗ್ ಬ್ಯಾಕ್‌ನನ್ನು, ಅಂದರೆ ಬಾಲ್ ಹಿಡಿದು ಓಡುವವನನ್ನು, ಆರಿಸಿಕೊಂಡು ಅವನ ಮೊದಲ ಸೀಸನ್ ಪೂರ್ತಿ ಬರೆದಿಡುತ್ತೇನೆ. ನೀವೂ ಹಾಗೆ ನೋಡಬೇಕು ಅಂತಿದ್ದರೆ, ನಾನು ಮಾಡುವ ರೀತಿ ಇದು.

ಮೊದಲು ಹೊತ್ತಿನ ವಿಷಯ. ಸೀಸನ್ ಶುರುವಾಗುವುದು ಸೆಪ್ಟೆಂಬರ್ ಮೊದಲ ವಾರದ ಆಸುಪಾಸು. ನಮಗೆ ಅದು ಕೈಲ್ ಪೊಳ್ದ್ ಹಬ್ಬ ಮುಗಿದ ಹೊತ್ತು. ಮುಗಿಯುವುದು ಜನವರಿ ಮೊದಲ ವಾರಕ್ಕೆ, ಅರೇಬಿಕಾ ಕೊಯ್ಲು ಜೋರಾಗಿರುವಾಗ. ಪ್ಲೇಆಫ್ ಆಮೇಲೆ, ಅದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಲ್ಲಿನ ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಮ್ಯಾಚ್ ನಮಗೆ ಭಾನುವಾರ ರಾತ್ರಿ 10:30ಕ್ಕೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಅಲ್ಲಿಂದ ನಮಗೆ 11:30. ಅವರ ರಾತ್ರಿ ಮ್ಯಾಚ್ ನಮಗೆ ಬೆಳಗಿನ ಜಾವ ಆರಕ್ಕೆ ಹತ್ತು ನಿಮಿಷ ಮೊದಲು, ಗಡಿಯಾರ ಹಿಂದಿಟ್ಟ ಮೇಲೆ ಏಳಕ್ಕೆ ಹತ್ತು ನಿಮಿಷ ಮೊದಲು. ಇದು ತೋಟದವರಿಗೆ ಬಹಳ ಒಳ್ಳೆಯದು. ಕಾಫಿ ಕುಡಿಯುತ್ತಾ ಒಂದಷ್ಟು ನೋಡಿ ಬೆಳಗಿನ ಹಾಜರಿಗೆ ಹೋಗಬಹುದು. ಸೆಪ್ಟೆಂಬರ್‌ನಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋಕಾಗಲ್ಲ. ಮ್ಯಾಚ್ ತಪ್ಪಿದರೆ ಚಿಂತೆ ಬೇಡ. ಪ್ರತಿ ಆಟದ ವಿವರ, ಯಾವ ಡೌನ್, ಯಾರು ಓಡಿದರು, ಎಷ್ಟು ಗಜ, ಎಲ್ಲ ಸಾಲುಸಾಲಾಗಿ ಮಾರನೇ ದಿನ ಓದೋಕೆ ಸಿಗುತ್ತದೆ. ನಾನು ಎಷ್ಟೋ ಮ್ಯಾಚ್‌ಗಳ ಲೆಕ್ಕ ಹಾಗೇ ತುಂಬಿಸಿದ್ದೇನೆ.

ಆಟದ ನಿಯಮ ಪೂರ್ತಿ ಕಲಿತು ಆಮೇಲೆ ನೋಡೋಣ ಅಂತ ಕೂತರೆ ಸೀಸನ್ನೇ ಮುಗಿದುಹೋಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು: ಮೈದಾನ 100 ಗಜ. ಒಂದೊಂದು ಕಡೆ ಹನ್ನೊಂದು ಜನ. ಬಾಲ್ ಇರುವ ತಂಡಕ್ಕೆ ನಾಲ್ಕು ಅವಕಾಶ, ಅದಕ್ಕೆ ಡೌನ್ ಅನ್ನುತ್ತಾರೆ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಬಾಲನ್ನು ಒಂದೋ ಎಸೆಯುತ್ತಾನೆ, ಇಲ್ಲವೇ ಪಕ್ಕದಲ್ಲಿರುವವನ ಹೊಟ್ಟೆಗೆ ಒತ್ತಿ ಕೊಡುತ್ತಾನೆ. ಹಾಗೆ ಬಾಲ್ ಹಿಡಿದು ಜನರ ಮಧ್ಯೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಮೊದಲ ವರ್ಷದ ಆಟಗಾರ ರೂಕಿ. ಒಂದು ಓಟಕ್ಕೆ ಸರಾಸರಿ ನಾಲ್ಕು ಗಜಕ್ಕಿಂತ ಸ್ವಲ್ಪ ಜಾಸ್ತಿ ಬಂದರೆ ಅದು ಮರ್ಯಾದೆಯ ಆಟ. ಲೆಕ್ಕ ಹಾಕಿ ನೋಡಿ, ಮೂರು ಸಲ ನಾಲ್ಕು ನಾಲ್ಕು ಬಂದರೆ ಹನ್ನೆರಡು, ಹತ್ತು ದಾಟಿತಲ್ವಾ.

ಇನ್ನು ಹುಡುಗನನ್ನು ಆರಿಸುವುದು. ಒಬ್ಬನೇ ಇರಲಿ. ಒಂದು ವರ್ಷ ನಾನು ಆಸೆಗೆ ಬಿದ್ದು ಮೂವರನ್ನು ಹಿಡಿದೆ. ಅಕ್ಟೋಬರ್ ಹೊತ್ತಿಗೆ ಮೂರು ಪುಸ್ತಕವೂ ಅರ್ಧಂಬರ್ಧ. ಏಪ್ರಿಲ್ ಕೊನೆಗೆ ಡ್ರಾಫ್ಟ್ ನಡೆಯುತ್ತದೆ, ಏಳು ಸುತ್ತು. ಮೊದಲ ಸುತ್ತಿನವನೇ ಆಗಬೇಕು ಅಂತಿಲ್ಲ. 2012ರಲ್ಲಿ ವಾಷಿಂಗ್ಟನ್ ತಂಡ ಆಲ್‌ಫ್ರೆಡ್ ಮಾರಿಸ್ ಎಂಬುವನನ್ನು ಆರನೇ ಸುತ್ತಿನಲ್ಲಿ, 173ನೆಯವನಾಗಿ ತೆಗೆದುಕೊಂಡಿತು. ಅವನು ಓಡಿಸುತ್ತಿದ್ದದ್ದು 1991ರ ಹಳೇ ಮಾಜ್ದಾ ಕಾರು. ಆ ಸೀಸನ್ನಿನಲ್ಲಿ ಅವನು 1,613 ಗಜ ಓಡಿದ. ಕೊನೆಯ ಮ್ಯಾಚ್‌ನಲ್ಲಿ, ಗೆದ್ದವರು ಪ್ಲೇಆಫ್‌ಗೆ ಅನ್ನುವಂಥ ಮ್ಯಾಚ್‌ನಲ್ಲಿ, ಡಲ್ಲಾಸ್ ಮೇಲೆ 33 ಓಟ, 200 ಗಜ, ಮೂರು ಟಚ್‌ಡೌನ್ (ಬಾಲ್ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟುವುದು). ಇಂಥವನನ್ನು ಸೆಪ್ಟೆಂಬರ್‌ನಿಂದಲೇ ಬರೆದುಕೊಂಡು ಬಂದವರಿಗೆ ಆ ದಿನ ಎಷ್ಟು ಖುಷಿ ಆಗಿರಬೇಡ!

ಈಗ ನೋಟ್‌ಬುಕ್. ಇದೇ ಮುಖ್ಯ, ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಕೊಯ್ಲಿನ ಸಮಯ. ಸಂಜೆ ನಾಲ್ಕಕ್ಕೆ ಹೆಂಗಸರು ಚೀಲ ಹೊತ್ತು ತಂದು ತಕ್ಕಡಿಯ ಹತ್ತಿರ ಇಳಿಸುತ್ತಿದ್ದರು. ನಾನು ಹೆಸರು, ಕೆಜಿ, ಹೆಸರು, ಕೆಜಿ ಅಂತ ಬರೆಯುತ್ತಿದ್ದೆ. ಒಬ್ಬಾಕೆಗೆ 110 ಬಂತು. ಇನ್ನೊಬ್ಬಾಕೆಗೆ 64. "ಇವರು ಸ್ವಲ್ಪ ನಿಧಾನ ಅಲ್ವಾ" ಅಂತ ಮೇಸ್ತ್ರಿಗೆ ಹೇಳಿದೆ. ಮೇಸ್ತ್ರಿ ನನ್ನ ಪುಸ್ತಕ ನೋಡಿದರು. "ರೈಟರೇ, ಬರೀ ಕೆಜಿ ಬರೆದ್ರೆ ಏನು ಗೊತ್ತಾಗುತ್ತೆ? ಪಕ್ಕಕ್ಕೆ ಬ್ಲಾಕೂ ಬರೀರಿ" ಅಂದರು. ಆಮೇಲೆ ಗೊತ್ತಾಯಿತು. 110 ತಂದಾಕೆ ಇದ್ದದ್ದು ಹೊಳೆ ಬದಿಯ ಬ್ಲಾಕ್‌ನಲ್ಲಿ, ಅಲ್ಲಿ ರೆಂಬೆ ಬಗ್ಗುವಷ್ಟು ಹಣ್ಣು. 64 ತಂದಾಕೆ ಇದ್ದದ್ದು ಮೇಲಿನ ಇಳಿಜಾರಿನಲ್ಲಿ. ಹಳೇ ಗಿಡ, ಹೂ ಮಳೆ ಸರಿಯಾಗಿ ಬಿದ್ದಿರಲಿಲ್ಲ, ಹಣ್ಣು ಅಲ್ಲೊಂದು ಇಲ್ಲೊಂದು. ಅಲ್ಲಿ 64 ತರುವವರು ತೋಟದಲ್ಲಿ ಆಕೆ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಮರುದಿನದಿಂದ ಕೆಜಿಯ ಪಕ್ಕ ಬ್ಲಾಕ್ ಬರೆದೆ. ಇವತ್ತಿಗೂ ಬರೆಯುತ್ತೇನೆ.

ರನ್ನಿಂಗ್ ಬ್ಯಾಕ್‌ನ ಗಜವೂ ಹಾಗೇ. ಟಿವಿಯಲ್ಲಿ ತೋರಿಸುವುದು ಬರೀ ಕೆಜಿ. ಬ್ಲಾಕ್ ನಾವೇ ಬರೆದುಕೊಳ್ಳಬೇಕು.

ಪುಟಕ್ಕೆ ಗೀಟು ಎಳೆದು ಐದು ಮನೆ ಮಾಡಿ. ಮೊದಲನೆಯದರಲ್ಲಿ ಯಾವ ಡೌನ್, ಎಷ್ಟು ಗಜ ಬೇಕಿತ್ತು. ಎರಡನೆಯದರಲ್ಲಿ ಎಡ, ಮಧ್ಯ, ಬಲ, ಯಾವ ಕಡೆ ಓಡಿದ. ಮೂರನೆಯದರಲ್ಲಿ ಸಿಕ್ಕ ಗಜ. ನಾಲ್ಕನೆಯದರಲ್ಲಿ ಎದುರಾಳಿಯ ಮೊದಲ ಕೈ ಅವನ ಮೇಲೆ ಎಲ್ಲಿ ಬಿತ್ತು. ಐದನೆಯದು ಷರಾ. ನಾಲ್ಕನೇ ಮನೆ ತುಂಬಿಸೋದು ಕಷ್ಟ, ಆದರೆ ಬಿಡಬೇಡಿ. ಉದಾಹರಣೆಗೆ ಒಂದು ಸಾಲು ಹೀಗಿರುತ್ತದೆ: "2ನೇ ಡೌನ್, 7 ಬೇಕು. ಬಲ. 3 ಗಜ. ಹಿಂದೆ 2. ಇಬ್ಬರನ್ನು ಕೊಡವಿಕೊಂಡ." ಬಾಲ್ ಇಟ್ಟ ಗೆರೆಗಿಂತ ಎರಡು ಗಜ ಹಿಂದೆಯೇ ಅವನನ್ನು ಹಿಡಿದಿದ್ದರು ಅಂತ ಅರ್ಥ. ಅಲ್ಲಿಂದ ಅವನು ಮೂರು ಗಜ ಮುಂದಕ್ಕೆ ಹೋಗಿದ್ದಾನೆ ಅಂದರೆ ಐದು ಗಜ ಅವನ ಸ್ವಂತ ದುಡಿಮೆ. ಇನ್ನೊಂದು ಓಟದಲ್ಲಿ ಒಂಬತ್ತು ಗಜ ಸಿಕ್ಕಿ, ಮೊದಲ ಕೈ ಬಿದ್ದದ್ದೂ ಒಂಬತ್ತರಲ್ಲೇ ಆಗಿದ್ದರೆ ಆ ಗಜ ಕೊಟ್ಟವರು ಬೇರೆ.

ಕೊಟ್ಟವರು ಯಾರು? ಮುಂದೆ ಬಗ್ಗಿ ಕೂತ ಐದು ಜನ. ಮಧ್ಯದವನು ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಅವರ ಆಚೆಗೆ ಟ್ಯಾಕಲ್‌ಗಳು. ನನಗೆ ಇದನ್ನು ಕಲಿಸಿದ್ದು ತಂಗಿ ಮಗ. ರಜೆಗೆ ಊರಿಗೆ ಬಂದಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ಒಂದು ಓಟ ಹಾಕಿ, ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟ. "ಮಾವ, ಬಾಲ್ ನೋಡಬೇಡಿ. ಬಾಲ್ ಎಲ್ಲಿಗೂ ಹೋಗಲ್ಲ. ಈ ಐದು ಜನರ ಕಾಲು ನೋಡಿ" ಅಂದ. ಮತ್ತೆ ನಿಧಾನಕ್ಕೆ ಓಡಿಸಿದ. ಎಡಗಡೆಯ ಗಾರ್ಡ್ ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಎದುರಿನವನ ಎದೆಗೆ ಕೈ ಕೊಟ್ಟು ಸೊಂಟ ತಿರುಗಿಸಿದ. ಅಲ್ಲೊಂದು ಸಂದು ಆಯಿತು, ಬೇಲಿಯಲ್ಲಿ ದನ ನುಗ್ಗುವಷ್ಟು. ಒಂದು ಸೆಕೆಂಡೂ ಇರಲಿಲ್ಲ, ಮುಚ್ಚಿಹೋಯಿತು. ಆದರೆ ಅಷ್ಟರಲ್ಲಿ ಹುಡುಗ ಒಳಗೆ ಹೋಗಿ ಆಗಿತ್ತು. ಅದೇ ಓಟವನ್ನು ನಾವು ಹನ್ನೊಂದು ಸಲ ನೋಡಿದೆವು. ಅವತ್ತಿನಿಂದ ಬಾಲ್ ಕೈಗೆ ಬರುವವರೆಗೆ ನನ್ನ ಕಣ್ಣು ಆ ಐವರ ಮೇಲೇ. ನೀವೂ ಹಾಗೆ ಮಾಡಿ. ಎರಡು ಮೂರು ಮ್ಯಾಚ್ ಆದ ಮೇಲೆ ರೂಢಿಯಾಗುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಹೊಸ ಹುಡುಗ ಗೋಲು ಹೊಡೆದ ಕೂಡಲೇ ಗ್ಯಾಲರಿಯಲ್ಲಿ ಕೂತ ಹಿರಿಯರು ಮೊದಲು ಕೇಳುವುದು ಪಾಸ್ ಕೊಟ್ಟದ್ದು ಯಾರು ಅಂತ. ಹಾಕಿ ನೋಡಿ ಬೆಳೆದ ಕಣ್ಣಿಗೆ ಆ ಐವರು ಬೇಗ ಕಾಣುತ್ತಾರೆ.

2016ರ ಎಜೆಕಿಯಲ್ ಎಲಿಯಟ್‌ನ ಸೀಸನ್ನನ್ನು ನಾನು ಆಮೇಲೆ ಹಳೆಯ ವಿವರಗಳಿಂದ ತುಂಬಿಸಿದೆ. ಐವರ ಬೆಲೆ ತಿಳಿಯಬೇಕಾದರೆ ಅದನ್ನು ನೋಡಬೇಕು. ಡಲ್ಲಾಸ್ ಕೌಬಾಯ್ಸ್ ತಂಡ. ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡರಿಕ್, ಝ್ಯಾಕ್ ಮಾರ್ಟಿನ್, ಮುಂದಿನ ಐವರಲ್ಲಿ ಈ ಮೂವರು ಆ ವರ್ಷ ಇಡೀ ಲೀಗ್‌ನ ಅತ್ಯುತ್ತಮರ ಪಟ್ಟಿಯಲ್ಲಿದ್ದರು. ಅಂಥ ಗೋಡೆ ಇದ್ದೂ ಮೊದಲ ಮ್ಯಾಚ್‌ನಲ್ಲಿ ಎಲಿಯಟ್‌ಗೆ 20 ಓಟಕ್ಕೆ 51 ಗಜ ಮಾತ್ರ. ಎರಡನೆಯದರಲ್ಲಿ 83 ಗಜ, ಎರಡು ಸಲ ಬಾಲ್ ಕೈಬಿಟ್ಟ. ಮೂರನೆಯದರಲ್ಲಿ 30 ಓಟ, 140 ಗಜ. ಮೂರನೇ ಮ್ಯಾಚ್‌ನಲ್ಲಿ ಅವನ ಕಾಲಿಗೆ ಆ ಐವರ ತಾಳ ಸಿಕ್ಕಿತು ಅಂತ ನನ್ನ ತೀರ್ಮಾನ. ಸೀಸನ್ ಮುಗಿದಾಗ 1,631 ಗಜ, ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ. ಅದೂ ಕೊನೆಯ ಮ್ಯಾಚ್ ಆಡದೆ. ಹಾಗಾಗಿ ಮೊದಲ ಎರಡು ವಾರ ನೋಡಿ ನಿಮ್ಮ ಹುಡುಗನನ್ನು ಬಿಟ್ಟುಬಿಡಬೇಡಿ. ಕಡೇಪಕ್ಷ ಒಂದು ತಿಂಗಳು ಕೊಡಿ.

ಒಂದೇ ಒಂದು ತಪ್ಪು ನೋಡಿಯೂ ಬಿಡಬೇಡಿ. 2017ರಲ್ಲಿ ಕಾನ್ಸಸ್ ಸಿಟಿಯ ಕರೀಮ್ ಹಂಟ್ ತನ್ನ ಮೊಟ್ಟಮೊದಲ ಓಟದಲ್ಲೇ ಬಾಲ್ ಕೈಬಿಟ್ಟ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ನ್ಯೂ ಇಂಗ್ಲೆಂಡ್, ಅದೂ ಅವರ ಮೈದಾನದಲ್ಲಿ. ಅಂಥ ಕಡೆ ಕೋಚ್ ಅವನನ್ನು ಕೂರಿಸಿಬಿಡಬಹುದಿತ್ತು. ಕೂರಿಸಲಿಲ್ಲ. ಆ ರಾತ್ರಿ ಹಂಟ್ ಓಡಿ 148 ಗಜ, ಎಸೆದ ಬಾಲ್ ಹಿಡಿದು 98 ಗಜ, ಮೂರು ಟಚ್‌ಡೌನ್. ನನ್ನ ಪುಸ್ತಕದಲ್ಲಿ ಕೈಬಿಟ್ಟ ಬಾಲಿಗೆ ಕೆಂಪು ಶಾಯಿ. ಅದರ ಮುಂದಿನ ಮೂರು ಓಟಕ್ಕೂ ಕೆಂಪಿನಲ್ಲೇ ಒಂದು ಚುಕ್ಕೆ. ಬೀಳಿಸಿದವನು ಮುಂದಿನ ಸಲ ಹೆದರಿ ನಿಂತನಾ, ನುಗ್ಗಿದನಾ, ಅದು ಆ ಮೂರು ಓಟದಲ್ಲಿ ಗೊತ್ತಾಗುತ್ತದೆ.

ಸರಾಸರಿಯ ಬಗ್ಗೆ ಒಂದು ಮಾತು. ಇದನ್ನು ನನಗೆ ಕಲಿಸಿದ್ದು ಬಾರ್ಕ್ಲಿಯ ಮೊದಲ ಮ್ಯಾಚ್. 2018ರ ಸೆಪ್ಟೆಂಬರ್ 9, ಭಾನುವಾರ ರಾತ್ರಿ. ಜ್ಯಾಕ್ಸನ್‌ವಿಲ್ ತಂಡದ ಎದುರು. ಹೊರಗೆ ಮಳೆ. ಮೊಬೈಲನ್ನು ಕಿಟಕಿ ಹತ್ತಿರ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಿದ್ದೆ, ಅಲ್ಲಿ ಮಾತ್ರ ನೆಟ್‌ವರ್ಕ್ ಬರುತ್ತಿತ್ತು. ಓಟದ ಮೇಲೆ ಓಟ, ಎರಡು ಗಜ, ಒಂದು ಗಜ, ಏನೂ ಇಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕೊನೆಯ ಕಾಲು ಭಾಗದಲ್ಲಿ, ಒಂದೇ ಒಂದು ಸಲ ಬಿಡಿಸಿಕೊಂಡ. 68 ಗಜ, ನೇರ ಟಚ್‌ಡೌನ್! ಮ್ಯಾಚ್ ಮುಗಿದಾಗ ಲೆಕ್ಕ 18 ಓಟಕ್ಕೆ 106 ಗಜ. ಸರಾಸರಿ ಸುಮಾರು ಆರು. ಬಹಳ ಚೆನ್ನಾಗಿ ಕಾಣುತ್ತದೆ. ಆ ಒಂದು ಓಟ ಬದಿಗಿಟ್ಟು ನೋಡಿ. 17 ಓಟಕ್ಕೆ 38 ಗಜ. ಎರಡಕ್ಕಿಂತ ಚೂರು ಜಾಸ್ತಿ. ಎರಡೂ ಲೆಕ್ಕ ಬರೆದಿಡಿ. ದೊಡ್ಡ ಓಟ ಸೇರಿಸಿದ್ದು ಒಂದು, ಬಿಟ್ಟದ್ದು ಒಂದು. ಮೊದಲನೆಯದು ಹುಡುಗನ ಶಕ್ತಿ ಹೇಳುತ್ತದೆ, ಎರಡನೆಯದು ಅವನ ಮುಂದಿನ ಐವರ ಸ್ಥಿತಿ ಹೇಳುತ್ತದೆ.

ಎರಡನೇ ಮ್ಯಾಚ್ ಸೋಮವಾರ ಬೆಳಗಿನ ಜಾವ, ಡಲ್ಲಾಸ್ ಎದುರು. 11 ಓಟಕ್ಕೆ 28 ಗಜ. ಆದರೆ ಅದೇ ಮ್ಯಾಚ್‌ನಲ್ಲಿ 14 ಸಲ ಬಾಲ್ ಹಿಡಿದಿದ್ದ, 80 ಗಜ. ನಾನು ಮಾಡಿದ್ದು ಓಟದ ಪುಟ ಮಾತ್ರ, ಇದನ್ನು ಎಲ್ಲಿ ಬರೆಯಬೇಕು ಗೊತ್ತಾಗಲಿಲ್ಲ. ಹಾಗಾಗಿ ಹೇಳುತ್ತಿದ್ದೇನೆ, ಮೊದಲೇ ಎದುರು ಪುಟ ಖಾಲಿ ಬಿಡಿ. ಹಿಡಿದ ಬಾಲ್‌ಗಳು ಅಲ್ಲಿಗೆ. ಇನ್ನೊಂದು ಕೆಲಸವನ್ನೂ ಅದೇ ಪುಟದಲ್ಲಿ ಬರೆಯಿರಿ: ಕ್ವಾರ್ಟರ್‌ಬ್ಯಾಕ್ ಎಸೆಯುವಾಗ ನುಗ್ಗಿ ಬರುವವರನ್ನು ನಿಮ್ಮ ಹುಡುಗ ತಡೆದನಾ ಇಲ್ಲವಾ. ಇದಕ್ಕೆ ಯಾರೂ ಗಜ ಕೊಡುವುದಿಲ್ಲ. ಆದರೆ ಹೊಸ ಹುಡುಗರನ್ನು ಮೂರನೇ ಡೌನ್‌ನಲ್ಲಿ ಹೊರಗೆ ಕರೆಸುವುದು ಹೆಚ್ಚಾಗಿ ಇದೇ ಕಾರಣಕ್ಕೆ. ನವೆಂಬರ್ ಹೊತ್ತಿಗೆ ಮೂರನೇ ಡೌನ್‌ನಲ್ಲೂ ಮೈದಾನದಲ್ಲೇ ಇದ್ದಾನೆ ಅಂದರೆ ಕೋಚ್‌ಗೆ ಅವನ ಮೇಲೆ ನಂಬಿಕೆ ಬಂದಿದೆ. ನನ್ನ ಮಟ್ಟಿಗೆ ಒಬ್ಬ ರೂಕಿ ಬೆಳೆದಿದ್ದಾನೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಗುರುತಿಲ್ಲ.

ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರೆಯೋದು ತಪ್ಪುತ್ತದೆ. ನನಗಂತೂ ಕೊಯ್ಲು, ತೂಕ, ಕಣ, ಪುತ್ತರಿ ಹಬ್ಬ ಎಲ್ಲ ಒಟ್ಟಿಗೆ. ಆದರೆ ನೋಡಲೇಬೇಕಾದದ್ದು ಆಗಲೇ. ಕಾಲೇಜಿನಲ್ಲಿ ಹನ್ನೆರಡು ಹದಿಮೂರು ಮ್ಯಾಚ್ ಆಡಿದ ಮೈ ಅದು. ಇಲ್ಲಿ ಹಿಂದೆ 16 ಇತ್ತು, 2021ರಿಂದ 17. ಮೈ ಸೋತಿದೆಯಾ ಅಂತ ತಿಳಿಯೋಕೆ ನಾಲ್ಕನೇ ಮನೆ ನೋಡಿ. ಮೊದಲ ಕೈ ಬಿದ್ದ ಮೇಲೆ ಸಿಗುತ್ತಿದ್ದ ಗಜ ಸೆಪ್ಟೆಂಬರ್‌ಗಿಂತ ಕಡಿಮೆ ಆಗುತ್ತಿದ್ದರೆ ಕಾಲು ಭಾರವಾಗಿದೆ. ಪೂರ್ತಿ ಬರೆಯೋಕೆ ಬಿಡುವಿಲ್ಲದಿದ್ದರೆ ಕೊನೆಯ ಕ್ವಾರ್ಟರ್ ಮಾತ್ರ ಬರೆಯಿರಿ.

ಸೀಸನ್ ಮುಗಿದ ಮೇಲೆ ಹೋಲಿಸಬೇಕಲ್ವಾ. ಎಲ್ಲರೂ ಹೇಳುವ ಅಂಕಿ ಎರಿಕ್ ಡಿಕರ್ಸನ್‌ದು. 1983, ಲಾಸ್ ಏಂಜಲೀಸ್ ರ‍್ಯಾಮ್ಸ್, 1,808 ಗಜ. 16 ಮ್ಯಾಚ್‌ನಲ್ಲಿ ಮಾಡಿದ ಆ ರೂಕಿ ದಾಖಲೆಯನ್ನು 17 ಮ್ಯಾಚ್ ಬಂದ ಮೇಲೂ ಯಾರೂ ಮುರಿದಿಲ್ಲ. ಅದರ ಪಕ್ಕ ಇದನ್ನೂ ಬರೆಯಿರಿ: 390 ಓಟ. ಕೋಚ್ ಅಷ್ಟು ಸಲ ಒಬ್ಬನ ಕೈಗೇ ಬಾಲ್ ಕೊಟ್ಟರು, ಅವನು ಅಷ್ಟು ಸಲವೂ ಎದ್ದು ಬಂದ. ಈಗ ಹೊಸ ಹುಡುಗರಿಗೆ ಅಷ್ಟು ಓಟ ಕೊಡುವವರಿಲ್ಲ. ಹಾಗಾಗಿ ಒಟ್ಟು ಗಜವನ್ನು ಒಟ್ಟು ಗಜದ ಜೊತೆ ಇಟ್ಟು ನೋಡಿದರೆ ಈಗಿನವರಿಗೆ ಅನ್ಯಾಯ.

ನನಗೆ ಬಹಳ ಇಷ್ಟವಾದ ರೂಕಿ ಸೀಸನ್ 1989ರ ಬ್ಯಾರಿ ಸ್ಯಾಂಡರ್ಸ್‌ದು. ಡೆಟ್ರಾಯಿಟ್ ಲಯನ್ಸ್. 280 ಓಟ, 1,470 ಗಜ. ಆ ವರ್ಷ ಲೀಗ್‌ನಲ್ಲಿ ಮೊದಲು ಬಂದ ಕ್ರಿಶ್ಚಿಯನ್ ಒಕೊಯೆಗೆ 370 ಓಟ, 1,480 ಗಜ. ಬರೀ ಹತ್ತು ಗಜದ ಅಂತರ. ಕೊನೆಯ ಮ್ಯಾಚ್‌ನಲ್ಲಿ ಗೆಲುವು ಖಚಿತವಾಗಿದ್ದಾಗ ಸ್ಯಾಂಡರ್ಸ್ ಹೊರಗೆ ಕೂತಿದ್ದ. ಇನ್ನು ಕೆಲವೇ ಗಜ ಸಾಕು, ಒಳಗೆ ಹೋಗುತ್ತೀಯಾ ಅಂತ ಕೋಚ್ ವೇಯ್ನ್ ಫಾಂಟ್ಸ್ ಕೇಳಿದರು. ಅವನು ಬೇಡ ಅಂದ. 21 ವರ್ಷದ ಹುಡುಗ! ಇದನ್ನು ನಾನು ತೋಟದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಪುಸ್ತಕದ ಷರಾ ಮನೆಯಲ್ಲಿ ಅವನ ಹೆಸರಿನ ಮುಂದೆ ಇರುವುದು ಅದೊಂದೇ ಸಾಲು.

ಬಾರ್ಕ್ಲಿ ಆ ಮೊದಲ ವರ್ಷ ಓಡಿದ್ದು 1,307 ಗಜ, ಹಿಡಿದ ಬಾಲ್ 91, ಅದರಿಂದ 721 ಗಜ. ಒಟ್ಟು 2,028. ರೂಕಿಯಾಗಿ ಎರಡೂ ಸೇರಿ 2,000 ದಾಟಿದವರು ಅಲ್ಲಿಯವರೆಗೆ ಇಬ್ಬರೇ, ಡಿಕರ್ಸನ್ ಮತ್ತು 1999ರಲ್ಲಿ ಎಡ್ಜರಿನ್ ಜೇಮ್ಸ್. ವರ್ಷದ ಅತ್ಯುತ್ತಮ ಆಕ್ರಮಣಕಾರಿ ರೂಕಿ ಪ್ರಶಸ್ತಿಯೂ ಬಂತು. ಅವನ ತಂಡ ಮಾತ್ರ 16ರಲ್ಲಿ 5 ಗೆದ್ದಿತ್ತು. ಆಮೇಲೆ ಪಾದದ ಕೀಲಿನ ಗಾಯ, ಮೊಣಕಾಲಿನ ಗಾಯ, ಎಲ್ಲ ಆಯಿತು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ. ಅಲ್ಲಿ ಮುಂದಿನ ಐವರು ಗಟ್ಟಿ. ಆ ಸೀಸನ್ನಿನಲ್ಲಿ 2,005 ಗಜ ಓಡಿದ. ತಂಗಿ ಮಗ ಆ ದಿನ ಫೋನ್ ಮಾಡಿ ಒಂದೇ ಮಾತು ಹೇಳಿದ, "ಮಾವ, ಹೊಳೆ ಬದಿ ಬ್ಲಾಕ್ ಸಿಕ್ಕಿತು." ನಾನು 2018ರ ಪುಸ್ತಕ ತೆಗೆದು ಆ 17 ಓಟಗಳ ಪುಟ ಮತ್ತೆ ನೋಡಿದೆ. ನಾಲ್ಕನೇ ಮನೆಯಲ್ಲಿ ಸಾಲುಸಾಲಾಗಿ "ಹಿಂದೆ 1, ಹಿಂದೆ 2, ಗೆರೆಯಲ್ಲೇ" ಅಂತ ಇತ್ತು.

ಪುಸ್ತಕಕ್ಕೆ ಉದ್ದನೆಯ ಲೆಡ್ಜರ್ ತೆಗೆದುಕೊಳ್ಳಿ, ಇನ್ನೂರು ಪುಟದ್ದು. ಶಾಲೆಯ ನೋಟ್‌ಬುಕ್‌ನಲ್ಲಿ ಐದು ಗೀಟು ಇಕ್ಕಟ್ಟಾಗುತ್ತದೆ. ಮಳೆಗಾಲದಲ್ಲಿ ಹಾಳೆ ಒದ್ದೆಯಾಗಿ ಶಾಯಿ ಹರಡುತ್ತದೆ, ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪೆನ್ಸಿಲ್ಲೇ ಒಳ್ಳೆಯದು. ಕೈಬಿಟ್ಟ ಬಾಲಿಗೆ ಕೆಂಪು ಪೆನ್ಸಿಲ್ ಇರಲಿ.